ಹೂಳಿನೊಳಗಿನ ಮುಂಗಾರು: ಫೊರಾಮ್ ಚಿಪ್ಪು ತೊಳೆಯುವವರಿಗೆ

ಜೂನ್ ಬಂತೆಂದರೆ ಮಂಡ್ಯ, ಮೈಸೂರಿನವರ ಕಣ್ಣೆಲ್ಲ ಕನ್ನಂಬಾಡಿ ಕಟ್ಟೆಯ ಮೇಲೆ. ನೀರು 124.80 ಅಡಿ ಮುಟ್ಟುವುದು ಕೊಡಗಿನ ಮಳೆಗೆ ಬಿಟ್ಟದ್ದು, ಕೊಡಗಿನ ಮಳೆ ಅರಬ್ಬಿ ಸಮುದ್ರ ದಾಟಿ ಬರುವ ನೈರುತ್ಯ ಗಾಳಿಗೆ ಬಿಟ್ಟದ್ದು. ಕಟ್ಟೆಯ ದಾಖಲೆ 1930ರ ದಶಕದಿಂದ ಈಚಿನದು. ಮಳೆಮಾಪಕದ ಲೆಕ್ಕ ಹಿಡಿದರೂ ಒಂದೂವರೆ ಶತಮಾನದ ಆಚೆಗೆ ಹೆಚ್ಚೇನೂ ಸಿಗುವುದಿಲ್ಲ. ಒಂಬತ್ತು ಸಾವಿರ ವರ್ಷದ ಹಿಂದೆ ಮುಂಗಾರು ಹೇಗಿತ್ತು ಎಂದು ತಿಳಿಯಬೇಕಾದರೆ ಸಮುದ್ರದ ತಳದ ಹೂಳನ್ನು ಕೆದಕಬೇಕು.

ಈ ಗಾಳಿ ಸೊಮಾಲಿಯಾ, ಒಮಾನ್ ಕರಾವಳಿಯುದ್ದಕ್ಕೂ ಬೀಸುವಾಗ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ. ಆ ಜಾಗಕ್ಕೆ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏರಿ ಬರುತ್ತದೆ. ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ತೇಲುವ ಏಕಕೋಶಜೀವಿಗೆ ಅದು ಹಬ್ಬ. ಸಾಮಾನ್ಯವಾಗಿ ತಂಪು ಕಡಲಿನಲ್ಲಿ ಹೆಚ್ಚಾಗಿರುವ ಇದು ಉಷ್ಣವಲಯದ ಅರಬ್ಬಿಯಲ್ಲಿ ಗುಂಪುಗುಂಪಾಗಿ ಕಂಡರೆ ಅಲ್ಲಿ ನೀರು ಮೇಲೆದ್ದಿದೆ, ಅಂದರೆ ಗಾಳಿ ಜೋರಾಗಿತ್ತು ಎಂದು ಅರ್ಥ. ಸತ್ತ ಮೇಲೆ ಸುಣ್ಣದ ಚಿಪ್ಪು ತಳಕ್ಕಿಳಿದು ಹೂಳಿನಲ್ಲಿ ಉಳಿಯುತ್ತದೆ. ಇಂಥ ಜೀವಿಗಳ ಇಡೀ ಬಳಗಕ್ಕೆ ಫೊರಾಮಿನಿಫೆರಾ ಎಂದು ಹೆಸರು, ಪ್ರಯೋಗಾಲಯದ ಮಾತಿನಲ್ಲಿ ಬರೀ ಫೊರಾಮ್. ನಾವು ಎಣಿಸುವ ಚಿಪ್ಪು ಹೆಚ್ಚಾಗಿ 0.15ರಿಂದ 0.5 ಮಿಲಿಮೀಟರಿನದು. ಒಂದು ರಾಗಿ ಕಾಳಿನ ಅಡ್ಡಗಲಕ್ಕೆ ನಾಲ್ಕೈದು ಚಿಪ್ಪು ಸಾಲಾಗಿ ಕೂರುತ್ತವೆ.

ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿರುವ ಮೈಸೂರಿನಲ್ಲಿ ಕೂತು ಈ ಕೆಲಸ ಮಾಡಲು ಕಡಲು ಪಕ್ಕದಲ್ಲಿರಬೇಕಾಗಿಲ್ಲ. ಹಡಗಿನ ಕೆಲಸ ಗೋವಾದ ಸಂಸ್ಥೆಗಳವರು ಮಾಡುತ್ತಾರೆ. 1983ರಲ್ಲಿ ಬಂದ ಸಾಗರ ಕನ್ಯಾ ಹಡಗು ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಎರಡರಿಂದಲೂ ಬೇಕಾದಷ್ಟು ಹೂಳು ಎತ್ತಿ ತಂದಿದೆ. ಮಾನಸಗಂಗೋತ್ರಿಯಲ್ಲೋ ಇನ್ನೆಲ್ಲೋ ಭೂವಿಜ್ಞಾನ ಓದುತ್ತಿರುವವರ ಕೈಗೆ ಹತ್ತು ಗ್ರಾಮಿನ ಪ್ಯಾಕೆಟ್ ಬಂದಾಗ ಏನು ಮಾಡಬೇಕು ಎಂಬುದಷ್ಟೇ ಇಲ್ಲಿನ ವಿಷಯ. ಕೊನೆಗೆ ದುಬಾರಿ ಯಂತ್ರ ಒಂದು ಅಂಕಿ ಕೊಟ್ಟೇ ಕೊಡುತ್ತದೆ. ಆ ಅಂಕಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು ಸಿಂಕಿನ ಮುಂದೆ, ಜರಡಿ ಹಿಡಿದಾಗಲೇ ತೀರ್ಮಾನವಾಗಿರುತ್ತದೆ.

ಮೊದಲು ಕೋರ್, ಅಂದರೆ ಕಡಲ ತಳದಿಂದ ಪದರ ಸಮೇತ ಎತ್ತಿದ ಹೂಳಿನ ಕಂಬ, ಯಾವ ಬಗೆಯದೆಂದು ಕೇಳಿಕೊಳ್ಳಿ. ಭಾರದಿಂದ ತಳಕ್ಕೆ ಚುಚ್ಚಿಕೊಳ್ಳುವ ಗ್ರಾವಿಟಿ ಕೋರ್ ಐದಾರು ಮೀಟರ್ ಆಳದ ಹೂಳು ತರುತ್ತದೆ, ಆದರೆ ತೀರಾ ಮೇಲಿನ ಸಡಿಲ ಪದರ ಚದುರಿಹೋಗಿರುತ್ತದೆ. ಇತ್ತೀಚಿನ ಕೆಲವು ಶತಮಾನ ಬೇಕಿದ್ದರೆ ಮೇಲಿನ ಪದರ ಕದಡದಂತೆ ಎತ್ತುವ ಬಾಕ್ಸ್ ಕೋರ್ ಅಥವಾ ಮಲ್ಟಿ ಕೋರ್ ಅದೇ ಜಾಗದ್ದು ಬೇಕು. ಹೋಳು ಕತ್ತರಿಸುವಾಗ ಕೊಳವೆಗೆ ಅಂಟಿದ ಅಂಚು ಬಿಡಿ. ಕೊಳವೆ ಇಳಿಯುವಾಗ ಮೇಲಿನ ಮಣ್ಣು ಗೋಡೆಗುಂಟ ಕೆಳಕ್ಕೆ ಎಳೆದುಕೊಂಡು ಹೋಗಿರುತ್ತದೆ, ಅದರಲ್ಲಿ ಕಾಲವೆಲ್ಲ ಕಲಸಿಹೋಗಿರುತ್ತದೆ.

ಈಗ ತೊಳೆಯುವುದು. ಹೂಳನ್ನು 45ರಿಂದ 50 ಡಿಗ್ರಿಯ ಓವನ್‌ನಲ್ಲಿ ಪೂರ್ತಿ ಒಣಗಿಸಿ ತೂಗಿ ಬರೆದುಕೊಳ್ಳಿ. ಅರೆಬರೆ ಒಣಗಿದ ಜೇಡಿ ನೀರಿನಲ್ಲಿ ಅಂಟಂಟಾಗಿಯೇ ಉಳಿಯುತ್ತದೆ, ಚೆನ್ನಾಗಿ ಒಣಗಿದ್ದು ನೀರು ಬಿದ್ದೊಡನೆ ಬಿರಿದು ಬಿಡಿಬಿಡಿಯಾಗುತ್ತದೆ. ಹಾಗೆಂದು ಬೇಗ ಮುಗಿಯಲೆಂದು 100 ಡಿಗ್ರಿಗೆ ಏರಿಸಿದರೆ ಜೇಡಿ ಗಟ್ಟಿ ಕಟ್ಟುತ್ತದೆ. ರಾತ್ರಿಯೆಲ್ಲ ನೆನೆಸಿಟ್ಟು, ಬೆಳಗ್ಗೆ 63 ಮೈಕ್ರಾನ್ (0.063 ಮಿಲಿಮೀಟರ್) ಕಣ್ಣಿನ ಜರಡಿಯ ಮೇಲೆ ಸುರಿದು, ಮೆಲ್ಲನೆ ಬೀಳುವ ಶವರ್ ನೀರಿನಲ್ಲಿ ತೊಳೆಯಿರಿ. ಕೆಳಗೆ ಬೀಳುವ ನೀರು ತಿಳಿಯಾಗುವವರೆಗೆ ಬಿಡಬೇಡಿ. ಬೆರಳಿನಿಂದ ಉಜ್ಜಲೇಬಾರದು. ಮೊದಲು ಒಡೆಯುವುದು ತೆಳು ಗೋಡೆಯ ಚಿಪ್ಪುಗಳು, ಆಮೇಲೆ ಎಣಿಕೆಯಲ್ಲಿ ದಪ್ಪ ಚಿಪ್ಪಿನವೇ ಹೆಚ್ಚಾಗಿ ಕಾಣುತ್ತವೆ.

ನೀರಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಡಿಸ್ಟಿಲ್ಡ್ ನೀರು ಶುದ್ಧ, ಆದ್ದರಿಂದ ಒಳ್ಳೆಯದು ಎಂದುಕೊಳ್ಳುತ್ತಾರೆ. ತೆರೆದಿಟ್ಟ ಡಿಸ್ಟಿಲ್ಡ್ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ. ಸುಣ್ಣದ ಚಿಪ್ಪನ್ನು ಅದರಲ್ಲಿ ದಿನಗಟ್ಟಲೆ ನೆನೆಸಿದರೆ ಮೇಲ್ಮೈ ಮಂಕಾಗಿ ಸವೆಯುತ್ತದೆ. ಎರಡು ಹನಿ ಅಮೋನಿಯಾ ಹಾಕಿ ಸ್ವಲ್ಪ ಕ್ಷಾರವಾಗಿಸಿಕೊಂಡರೆ ಸಾಕು. ಜರಡಿಗೆ ನಲ್ಲಿಯ ಕಾವೇರಿ ನೀರು ಅಡ್ಡಿಯಿಲ್ಲ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಚಿಪ್ಪಿನ ರಂಧ್ರದಲ್ಲೆಲ್ಲ ಬಿಳಿ ಉಪ್ಪು ಕಟ್ಟುತ್ತದೆ, ಕೊನೆಯ ಎರಡು ಸಲವಾದರೂ ಅಮೋನಿಯಾ ಹಾಕಿದ ಡಿಸ್ಟಿಲ್ಡ್ ನೀರಿನಲ್ಲೇ ತೊಳೆಯಿರಿ. ಜೇಡಿ ಬಿಡದಿದ್ದಾಗ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕುವುದುಂಟು. ಎಣಿಕೆಗೆ ಮಾತ್ರ ಆದರೆ ಸರಿ, ಮೆಗ್ನೀಸಿಯಂನಂಥ ಲೋಹ ಅಳೆಯಬೇಕಾದ ಚಿಪ್ಪಿಗೆ (ಅದರ ವಿಷಯ ಮುಂದೆ ಬರುತ್ತದೆ) ಬೇಡ. ಹೈಡ್ರೋಜನ್ ಪೆರಾಕ್ಸೈಡ್ ಇನ್ನೂ ಅಪಾಯಕಾರಿ. ಸಾವಯವ ತುಂಬಿದ ಕಪ್ಪು ಹೂಳಿಗೆ ಅದನ್ನು ಸುರಿದರೆ ಆಮ್ಲ ಹುಟ್ಟಿ ಚಿಪ್ಪೇ ಕರಗತೊಡಗುತ್ತದೆ.

ಒಂದು ಹೋಳು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಜರಡಿಯನ್ನು ಮಿಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದಿ ತೊಳೆಯಿರಿ. ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡ ಹಳೆಯ ಚಿಪ್ಪಿಗೆ ನೀಲಿ ಹತ್ತುತ್ತದೆ. ಮುಂದಿನ ಹೋಳಿನಲ್ಲಿ ನೀಲಿ ಚಿಪ್ಪು ಕಂಡರೆ ಅದು ಹಿಂದಿನ ಹೋಳಿನದು, ಎತ್ತಿ ಬಿಸಾಡಿ. ನಾಲ್ಕು ರೂಪಾಯಿ ಖರ್ಚಿನ ಈ ಉಪಾಯ ಬಿಟ್ಟು ಜರಡಿಯನ್ನು ಬರೀ ಬ್ರಷ್‌ನಲ್ಲಿ ಉಜ್ಜುವವರನ್ನು ಕಂಡರೆ ಆಶ್ಚರ್ಯವಾಗುತ್ತದೆ.

ಒಣಗಿದ ಮರಳಂಥ ಉಳಿಕೆಯನ್ನು 150 ಮೈಕ್ರಾನ್ ಜರಡಿಯಲ್ಲಿ ಆಡಿಸಿ, ದೊಡ್ಡದನ್ನು ಮಾತ್ರ ಎಣಿಕೆಗೆ ಇಟ್ಟುಕೊಳ್ಳುತ್ತೇವೆ. ಅದರಲ್ಲೂ ಸಾವಿರಾರು ಚಿಪ್ಪು ಇರುತ್ತವೆ. ಸ್ಪ್ಲಿಟರ್‌ನಲ್ಲಿ ಅರ್ಧ, ಅರ್ಧದ ಅರ್ಧ ಮಾಡುತ್ತ ಸುಮಾರು 300 ಚಿಪ್ಪು ಉಳಿಯುವ ಪಾಲಿಗೆ ಇಳಿಸಿ, ಆ ಪಾಲಿನಲ್ಲಿರುವುದೆಲ್ಲವನ್ನೂ ಎಣಿಸಿ. ಚಮಚದಲ್ಲಿ ಒಂದಿಷ್ಟು ತೆಗೆದುಕೊಂಡರೆ ಆಗುವುದಿಲ್ಲ, ಡಬ್ಬಿ ಅಲುಗಿದಾಗ ದೊಡ್ಡವು ಮೇಲೆ, ಸಣ್ಣವು ಕೆಳಗೆ ಸೇರಿರುತ್ತವೆ. 300 ಯಾಕೆಂದರೆ, ಬುಲ್ಲಾಯ್ಡಿಸ್ ಪಾಲು ಶೇಕಡ 20 ಎಂದು ಬಂದಾಗ ನಿಜವಾದದ್ದು 15.5ರಿಂದ 24.5ರ ನಡುವೆ ಇರುವ ಭರವಸೆ ಶೇ. 95. ನೂರೇ ಎಣಿಸಿ ಬಿಟ್ಟರೆ ಅದೇ 20 ಎಂಬುದು 12 ಆದರೂ ಆಯಿತು, 28 ಆದರೂ ಆಯಿತು. ಅಷ್ಟು ಸಡಿಲ ಲೆಕ್ಕದಲ್ಲಿ ಮುಂಗಾರು ಏರಿತು ಇಳಿಯಿತು ಎಂದು ಗೆರೆ ಎಳೆಯುವುದಕ್ಕೆ ಅರ್ಥವಿಲ್ಲ.

ಹೆಕ್ಕಲು ಕಪ್ಪು ತಟ್ಟೆ, ಅದರ ಮೇಲೆ ಚೌಕಳಿ ಗೆರೆ, 000 ನಂಬರಿನ ಕುಂಚ. ಮೈಸೂರು ಶೈಲಿಯ ಚಿತ್ರ ಬರೆಯುವವರು ಕುಂಚ ಕೊಳ್ಳುವ ಅಂಗಡಿಯಲ್ಲೇ ಇದು ಸಿಗುತ್ತದೆ. ತುದಿ ಚೂಪಾಗಿ ಕೂಡಿಕೊಳ್ಳುವುದನ್ನು ನೀರಿಗೆ ಅದ್ದಿ ನೋಡಿಯೇ ಕೊಳ್ಳಿ. ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಒಣ ಕುಂಚ ತಾಗಿದರೆ ಚಿಪ್ಪು ಸ್ಥಿರವಿದ್ಯುತ್ತಿಗೆ ಸಿಡಿದು ಹಾರುತ್ತದೆ, ತುದಿ ಸದಾ ತುಸು ತೇವ ಇರಲಿ. ಫ್ಯಾನ್ ಹಾಕುವಂತಿಲ್ಲ. ಏಪ್ರಿಲ್‌ನಲ್ಲಿ ಇದೊಂದೇ ಈ ಕೆಲಸದ ನಿಜವಾದ ಶಿಕ್ಷೆ.

ಗುರುತಿಸುವುದಕ್ಕೆ ಪುಸ್ತಕದ ಚಿತ್ರಕ್ಕಿಂತ ಕೈಯಲ್ಲಿ ತಿರುಗಿಸಿ ನೋಡುವುದೇ ದಾರಿ. ಬುಲ್ಲಾಯ್ಡಿಸ್‌ಗೆ ಕೊನೆಯ ಸುತ್ತಿನಲ್ಲಿ ನಾಲ್ಕು ಉಬ್ಬು ಕೋಣೆ, ನಡುವೆ ಕಮಾನಿನಂತೆ ತೆರೆದ ಒಂದೇ ದೊಡ್ಡ ಬಾಯಿ. ಬಾಯಿಯ ಅಂಚಿಗೆ ತೆಳು ತುಟಿ ಇದ್ದು ಕೊನೆಯ ಕೋಣೆ ಚಿಕ್ಕದಾಗಿದ್ದರೆ ಅದು ಫಾಲ್ಕೊನೆನ್ಸಿಸ್, ಬೇರೆ ಲೆಕ್ಕ. ಗ್ಲೋಬಿಜೆರಿನಾಯ್ಡಿಸ್ ರೂಬರ್‌ಗೆ ಮೂರು ಕೋಣೆ, ಬೆನ್ನ ಕಡೆಯೂ ಸಣ್ಣ ಬಾಯಿಗಳು. ಚಿಪ್ಪನ್ನು ಮಗುಚಿ ಹಾಕದೆ ಎಣಿಸುವವರು ಎಡವುವುದು ಇಲ್ಲೇ. ರೂಬರ್‌ನಲ್ಲಿ ಬಿಳಿ ಮತ್ತು ಗುಲಾಬಿ ಎಂದು ಎರಡುಂಟು. ಹಿಂದೂ ಮಹಾಸಾಗರದಲ್ಲಿ ಗುಲಾಬಿಯದು ಸುಮಾರು 1,20,000 ವರ್ಷದ ಹಿಂದೆಯೇ ಕಣ್ಮರೆಯಾಯಿತು. ಹಾಗಾಗಿ ನಮ್ಮ ಕಡಲಿನ ಕೋರ್‌ನಲ್ಲಿ ಗುಲಾಬಿ ರೂಬರ್ ನಿಯತವಾಗಿ ಕಾಣಿಸಿಕೊಂಡರೆ ಅಷ್ಟು ಹಳೆಯ ಹೂಳಿಗೆ ಬಂದಿದ್ದೀರಿ ಎಂದೇ ಲೆಕ್ಕ.

ಎಣಿಕೆ ಗಾಳಿಯ ಕಥೆ ಹೇಳುತ್ತದೆ. ನೀರಿನ ಬಿಸಿ ತಿಳಿಯಲು ಚಿಪ್ಪಿನ ರಸಾಯನ ಬೇಕು. ಸುಣ್ಣ ಕಟ್ಟುವಾಗ ಕ್ಯಾಲ್ಸಿಯಂ ಜಾಗದಲ್ಲಿ ಅಲ್ಲಲ್ಲಿ ಮೆಗ್ನೀಸಿಯಂ ಸೇರುತ್ತದೆ. ನೀರು ಬಿಸಿಯಾದಷ್ಟೂ ಹೆಚ್ಚು, ಡಿಗ್ರಿಗೆ ಸುಮಾರು ಶೇ. 9. ಹೆಚ್ಚು ಬಳಕೆಯ ಸೂತ್ರ ಹೀಗೆ: ಮೆಗ್ನೀಸಿಯಂ-ಕ್ಯಾಲ್ಸಿಯಂ ಅನುಪಾತವನ್ನು, ಮೋಲಿಗೆ ಮಿಲಿಮೋಲ್ ಲೆಕ್ಕದಲ್ಲಿ, 0.38ರಿಂದ ಭಾಗಿಸಿ, ಸ್ವಾಭಾವಿಕ ಲಾಗರಿತಮ್ ತೆಗೆದು, 0.09ರಿಂದ ಭಾಗಿಸಿ. ಅನುಪಾತ 4.0 ಬಂದರೆ 26.2 ಡಿಗ್ರಿ, 4.5 ಬಂದರೆ 27.5, 5.0 ಬಂದರೆ 28.6. ಅಂದರೆ 0.5ರಷ್ಟು ಕೊಳೆ ಉಳಿದರೆ ಒಂದು ಡಿಗ್ರಿಗಿಂತ ಹೆಚ್ಚು ಸುಳ್ಳು ಬಿಸಿ ಸೇರಿತು. ಜೇಡಿಯಲ್ಲಿ ಮೆಗ್ನೀಸಿಯಂ ಧಾರಾಳವಾಗಿದೆ, ಚಿಪ್ಪಿನ ಕೋಣೆಯೊಳಗೆ ಜೇಡಿ ಮೆತ್ತಿಕೊಂಡಿರುತ್ತದೆ.

ಶುದ್ಧ ಮಾಡುವ ಕ್ರಮಕ್ಕೆ ಅವಸರ ಒಗ್ಗದು. 250ರಿಂದ 355 ಮೈಕ್ರಾನ್ ಗಾತ್ರದ ಒಂದೇ ಜಾತಿಯ 30ರಿಂದ 50 ಚಿಪ್ಪು ತೆಗೆದುಕೊಂಡು ಎರಡು ಗಾಜಿನ ತುಂಡಿನ ನಡುವೆ ಒತ್ತಿ. ಪುಡಿ ಮಾಡಬಾರದು, ಪ್ರತಿ ಕೋಣೆಯೂ ಬಾಯಿಬಿಟ್ಟರೆ ಸಾಕು. ಅರ್ಧ ಮಿಲಿಲೀಟರಿನ ಪುಟ್ಟ ಟ್ಯೂಬಿಗೆ ಹಾಕಿ, ಅತಿಶುದ್ಧ ನೀರು ಸೇರಿಸಿ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಒಂದು ನಿಮಿಷ. ಚೂರುಗಳು ತಳಕ್ಕೆ ಕೂತೊಡನೆ, ಜೇಡಿ ಕೂರುವ ಮೊದಲೇ, ಮೇಲಿನ ಹಾಲಿನಂಥ ನೀರನ್ನು ಪಿಪೆಟ್‌ನಿಂದ ಎಳೆದು ತೆಗೆಯಿರಿ. ಐದಾರು ಸಲ ಹೀಗೇ. ಆಮೇಲೆ ಎರಡು ಸಲ ಮೆಥನಾಲ್. ನೀರಿಗಿಂತ ತೆಳುವಾದ್ದರಿಂದ ಸಂದಿಯ ಜೇಡಿಯನ್ನೂ ಎಬ್ಬಿಸುತ್ತದೆ. ಮುಂದೆ ಸಾವಯವ ತೆಗೆಯಲು ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿದ ಪೆರಾಕ್ಸೈಡ್, ಬಿಸಿನೀರಿನಲ್ಲಿಟ್ಟು ಹತ್ತು ನಿಮಿಷ. ಕ್ಷಾರದಲ್ಲಿರುವುದರಿಂದ ಇಲ್ಲಿ ಪೆರಾಕ್ಸೈಡ್ ಚಿಪ್ಪಿಗೆ ಹಾನಿ ಮಾಡುವುದಿಲ್ಲ. ಕೊನೆಗೆ 0.001 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ ಅರ್ಧ ನಿಮಿಷ ತೊಳೆದು, 0.075 ಮೋಲಾರ್‌ನಲ್ಲಿ ಕರಗಿಸುವುದು. ಪ್ರತಿ ಹಂತದಲ್ಲೂ ಒಂದಿಷ್ಟು ಚೂರು ಪಿಪೆಟ್ ಪಾಲಾಗುತ್ತದೆ. ಶುರುವಿನಲ್ಲಿ ಜಿಪುಣತನ ಮಾಡಿ ಹದಿನೈದೇ ಚಿಪ್ಪು ಹಾಕಿದವರಿಗೆ ಕೊನೆಗೆ ಅಳೆಯಲು ಏನೂ ಉಳಿದಿರುವುದಿಲ್ಲ. ಅಳೆಯುವಾಗ ಕಬ್ಬಿಣ, ಅಲ್ಯೂಮಿನಿಯಂ, ಮ್ಯಾಂಗನೀಸ್ ಕೂಡ ಅಳೆಸಿ. ಮೆಗ್ನೀಸಿಯಂ ಏರಿದಲ್ಲೆಲ್ಲ ಅಲ್ಯೂಮಿನಿಯಂ ಕೂಡ ಏರಿದ್ದರೆ ಅದು ಸಮುದ್ರದ ಬಿಸಿಯಲ್ಲ, ಟ್ಯೂಬಿನಲ್ಲಿ ಉಳಿದ ಜೇಡಿ.

ಇದೇ ಜಾತಿಯ ಹತ್ತಿಪ್ಪತ್ತು ಚಿಪ್ಪನ್ನು ಆಕ್ಸಿಜನ್-18ರ ಅನುಪಾತಕ್ಕೆ, ಅಂದರೆ ಹಗುರ ಆಕ್ಸಿಜನ್-16ರ ಎದುರು ಭಾರದ ಆಕ್ಸಿಜನ್ ಎಷ್ಟಿದೆ ಎಂದು ಅಳೆಯಲು, ಕಳಿಸುತ್ತೇವೆ. ಅಲ್ಲಿ ಮೂರು ಸಂಗತಿ ಒಂದೇ ಅಂಕಿಯೊಳಗೆ ಕೂಡಿವೆ: ನೀರಿನ ಬಿಸಿ, ಭೂಮಿಯ ಮೇಲಿನ ಒಟ್ಟು ಹಿಮ, ಆ ಜಾಗದ ಉಪ್ಪು-ಸಿಹಿ. ಫೊರಾಮ್ ಚಿಪ್ಪಿನಲ್ಲಿ ಇದನ್ನು ಅಳೆದ ವಿಜ್ಞಾನಿ ಎಮಿಲಿಯಾನಿ 1955ರಲ್ಲಿ ಏರಿಳಿತದ ಬಹುಪಾಲು ಬಿಸಿಯದೇ ಎಂದುಕೊಂಡರು. 1967ರಲ್ಲಿ ಇನ್ನೊಬ್ಬ ವಿಜ್ಞಾನಿ ಶ್ಯಾಕಲ್ಟನ್ ಹೆಚ್ಚಿನ ಪಾಲು ಹಿಮದ್ದು ಎಂದು ವಾದಿಸಿದರು. ಸುಮಾರು 21,000 ವರ್ಷದ ಹಿಂದೆ, ಸಮುದ್ರಮಟ್ಟ ಈಗಿಗಿಂತ 120 ಮೀಟರಿಗೂ ಹೆಚ್ಚು ಕೆಳಗಿದ್ದಾಗ, ಹಿಮವೊಂದರಿಂದಲೇ ಸಮುದ್ರದ ಅನುಪಾತ ಸಾವಿರಕ್ಕೆ ಒಂದರಷ್ಟು ಏರಿತ್ತು. ಮೆಗ್ನೀಸಿಯಂನಿಂದ ಬಿಸಿ ಸಿಕ್ಕಿದರೆ ಅದನ್ನು ಕಳೆದು, ಹಿಮದ ಪಾಲನ್ನೂ ಕಳೆದರೆ, ಉಳಿಯುವುದು ಸಿಹಿನೀರಿನ ಲೆಕ್ಕ. ಗಂಗೆ, ಗೋದಾವರಿ, ಕೃಷ್ಣೆ, ನಮ್ಮ ಕಾವೇರಿ ಎಲ್ಲ ಸುರಿಯುವ ಬಂಗಾಳ ಕೊಲ್ಲಿಯಲ್ಲಿ ಈ ಲೆಕ್ಕಕ್ಕೆ ಬೆಲೆ ಹೆಚ್ಚು. ಹಿಮಯುಗದ ಉತ್ತುಂಗದಲ್ಲಿ ನೈರುತ್ಯ ಮುಂಗಾರು ಸೊರಗಿತ್ತು, ಒಂಬತ್ತು ಸಾವಿರ ವರ್ಷದ ಆಸುಪಾಸಿನಲ್ಲಿ ಈಗಿಗಿಂತ ಬಲವಾಗಿತ್ತು ಎಂಬ ತೀರ್ಮಾನಕ್ಕೆ ಇಂಥ ಹೂಳುಗಳೂ ಆಧಾರ.

ಕೋರ್ ಸ್ಥಳವೇ ಸರಿಯಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಕೆಡುತ್ತದೆ. ಬಹಳ ಆಳದಲ್ಲಿ ಸುಣ್ಣ ಕರಗುತ್ತದೆ. ಮೆಗ್ನೀಸಿಯಂ ಹೆಚ್ಚಿರುವ ಭಾಗ ಮೊದಲು ಕರಗುವುದರಿಂದ ನೀರು ತಣ್ಣಗಿತ್ತೆಂಬ ಭ್ರಮೆ ಬರುತ್ತದೆ. ಒಡೆದ ಚಿಪ್ಪಿನ ಪಾಲನ್ನೂ ಎಣಿಸಿಡಿ, ಅದು ಹೆಚ್ಚುತ್ತಿದ್ದರೆ ಎಚ್ಚರ. ಆಳದ ಕೋರ್‌ನಲ್ಲಿ ಇದ್ದಕ್ಕಿದ್ದಂತೆ ದಡದ ಹತ್ತಿರದ ತಳವಾಸಿ ಫೊರಾಮ್‌ಗಳು ಕಂಡರೆ ಇಳಿಜಾರಿನಿಂದ ಹೂಳು ಜಾರಿ ಬಂದಿದೆ, ಆ ಪದರ ಬಿಟ್ಟುಬಿಡಿ. ಇನ್ನು ಹುಳುಗಳ ಕಾಟ. ಮೇಲಿನ ಹತ್ತು ಸೆಂಟಿಮೀಟರನ್ನು ಅವು ಕಲಕುತ್ತವೆ ಎಂದಿಟ್ಟುಕೊಳ್ಳಿ. ಸಾವಿರ ವರ್ಷಕ್ಕೆ 2 ಸೆಂಟಿಮೀಟರ್ ಹೂಳು ತುಂಬುವ ಜಾಗದಲ್ಲಿ 5,000 ವರ್ಷ ಒಂದಾಗಿ ಕಲಸಿತು. 20 ಸೆಂಟಿಮೀಟರ್ ತುಂಬುವಲ್ಲಿ 500 ಮಾತ್ರ. ಅರಬ್ಬಿ ಸಮುದ್ರದ ಆಮ್ಲಜನಕವಿಲ್ಲದ ಪಟ್ಟಿಯಲ್ಲಿ, ಹೆಚ್ಚುಕಡಿಮೆ 150ರಿಂದ 1,200 ಮೀಟರ್ ಆಳದಲ್ಲಿ, ಹುಳುಗಳೇ ವಿರಳ. ಪಾಕಿಸ್ತಾನದ ಕರಾವಳಿ ಇಳಿಜಾರಿನಲ್ಲಿ ಪದರದ ಮೇಲೆ ಪದರ ಗೆರೆ ಎಳೆದಂತೆ ಉಳಿದಿರುವುದು ಅದಕ್ಕೇ.

ವಯಸ್ಸಿಗೆ ಕಾರ್ಬನ್-14. ಹತ್ತು ಮಿಲಿಗ್ರಾಂ ಚಿಪ್ಪು, ಒಂದೇ ಜಾತಿಯದು, ಆ ಜಾತಿ ಕೋರ್‌ನಲ್ಲಿ ಅತಿ ಹೆಚ್ಚಾಗಿರುವ ಪದರದಿಂದಲೇ ತೆಗೆಯಿರಿ. ವಿರಳವಾಗಿರುವ ಪದರದಲ್ಲಿ ಸಿಗುವ ಚಿಪ್ಪು ಹುಳು ಹೊತ್ತು ತಂದ ಪಕ್ಕದ ಪದರದ್ದಾಗಿರುವ ಸಂಭವ ಹೆಚ್ಚು. ಸಮುದ್ರದ ನೀರಿನ ಇಂಗಾಲ ಹುಟ್ಟಾ ಹಳೆಯದು, ಜಾಗತಿಕ ಸರಾಸರಿ ಸುಮಾರು 400 ವರ್ಷ. ಕೆಳಗಿನ ಹಳೆಯ ನೀರು ಮೇಲೇಳುವ ಅರಬ್ಬಿಯಲ್ಲಿ ಇನ್ನೂ ಹೆಚ್ಚು. ಅದಕ್ಕೆ ಸ್ಥಳೀಯ ತಿದ್ದುಪಡಿ ಬೇಕು, ಯಾವ ತಿದ್ದುಪಡಿ ಹಾಕಿದಿರಿ ಎಂಬುದು ಕೋಷ್ಟಕದ ಪಕ್ಕದಲ್ಲೇ ಬರೆದಿರಬೇಕು. ತಿದ್ದುಪಡಿಯ ಲೆಕ್ಕ ಮುಂದೆ ಬದಲಾಗಬಹುದು, ಹಾಗಾಗಿ ಕಚ್ಚಾ ಅಂಕಿಯನ್ನೂ ಹಾಗೇ ಕೊಡಿ.