‘ಬಿಡಬೇಡಿ’ ಅಂದಿದ್ದು ‘ಬಿಡಬೇಕು’ ಅಂತ ಕೇಳಿಸಿತ್ತು

ಕೋಲಾರ ಜಿಲ್ಲೆಯ ಆಸ್ಪತ್ರೆಯೊಂದರ ಇಎನ್‌ಟಿ ಓಪಿಡಿಯಲ್ಲಿ ನಾನು ಸ್ಟಾಫ್ ನರ್ಸ್. ಮುಳಬಾಗಿಲು ಕಡೆಯ ಹಳ್ಳಿಯಿಂದ ಒಬ್ಬ ಅಜ್ಜಿ ಬಂದಿದ್ದರು. ಬಲಗಿವಿ ಸೋರುತ್ತಿತ್ತು. ಕಿವಿಯ ತಮಟೆಯಲ್ಲಿ ತೂತಿದೆ ಅಂತ ಹೇಳಿ ಡಾಕ್ಟರು ಡ್ರಾಪ್ಸ್ ಬರೆದರು. ಹೇಗೆ ಹಾಕಿಕೊಳ್ಳಬೇಕು ಅಂತ ಹೇಳಿಕೊಡುವುದು ನನ್ನ ಕೆಲಸ.

“ಅಜ್ಜಿ, ಕಿವಿಗೆ ಎಣ್ಣೆ ಬಿಡಬೇಡಿ. ಈ ಬಾಟಲಿ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು ದಿನಕ್ಕೆ 3 ಸಲ ಹನಿ ಬಿಡಿ” ಅಂದೆ. ಮುಖಕ್ಕೆ ಮಾಸ್ಕ್ ಇತ್ತು. ಕಣ್ಣು ರಿಜಿಸ್ಟರ್ ಮೇಲಿತ್ತು. ಬಾಗಿಲಾಚೆ ಕ್ಯೂ ಗಲಾಟೆ. ಅಜ್ಜಿ ತಲೆಯಾಡಿಸಿದರು, ಹೊರಟರು.

ವಾರದ ಮೇಲೆ ಮೊಮ್ಮಗನ ಜೊತೆ ಮತ್ತೆ ಬಂದರು. ಕಿವಿ ಮೊದಲಿಗಿಂತ ಜಾಸ್ತಿ ಸೋರುತ್ತಿತ್ತು, ವಾಸನೆ ಬೇರೆ. ಒರೆಸಲು ಹೋದರೆ ಹತ್ತಿಯಲ್ಲಿ ಎಣ್ಣೆ ಜಿಡ್ಡು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯಂತೆ. ಡ್ರಾಪ್ಸ್ ಬಾಟಲಿ ಅವರ ಚೀಲದಲ್ಲೇ ಇತ್ತು, ಸೀಲ್ ಕೂಡ ಒಡೆದಿರಲಿಲ್ಲ.

“ನೀನೇ ಹೇಳಿದೆಯಲ್ಲಮ್ಮ, ಎಣ್ಣೆ ಬೆಚ್ಚಗೆ ಮಾಡಿ ಬಿಡು ಅಂತ” ಅಂದರು. ಬೈಯಲಿಲ್ಲ. ನಾನು ಹೇಳಿದ್ದನ್ನು ಶ್ರದ್ಧೆಯಿಂದ ಮಾಡಿದ್ದರು, ಅದೇ ನನಗೆ ಜಾಸ್ತಿ ನೋವಾಗಿದ್ದು.

ಆ ರಾತ್ರಿ ನನ್ನ ಮಾತನ್ನೇ ಮತ್ತೆ ಮತ್ತೆ ಹೇಳಿ ನೋಡಿಕೊಂಡೆ. ಬಿಡಬೇಡಿ, ಬಿಡಬೇಕು. ‘ಬೇ’ ತನಕ ಎರಡೂ ಒಂದೇ. ನಮ್ಮ ಕನ್ನಡದಲ್ಲಿ ‘ಬೇಡ’ ಅನ್ನುವುದು ಕೊನೆಗೆ ಬರುತ್ತದೆ, ಕೊನೆಗೆ ಬರುವಷ್ಟರಲ್ಲಿ ದನಿ ಇಳಿದಿರುತ್ತದೆ. ವಯಸ್ಸಾದವರಿಗೆ ಕೀರಲು ಸದ್ದು ಮೊದಲು ಹೋಗುತ್ತದೆ. ಸ, ಶ, ತ, ಕ ಇಂಥ ಸಣ್ಣ ಸದ್ದುಗಳು ಜಾರಿ ಹೋಗಿ ಆ, ಈ, ಓ ಮಾತ್ರ ಉಳಿಯುತ್ತವೆ. ಮಿಕ್ಕಿದ್ದನ್ನು ತುಟಿ ನೋಡಿ ತುಂಬಿಕೊಳ್ಳುತ್ತಾರೆ. ನಾನು ತುಟಿಯನ್ನೂ ಮುಚ್ಚಿದ್ದೆ. ಕಿರುಚಿದರೂ ಪ್ರಯೋಜನವಿಲ್ಲ, ಮಾತು ಒಡೆದುಹೋಗುತ್ತದೆ. ನೋಡುವವರಿಗೆ ಜಗಳದ ಹಾಗೆ ಕಾಣುತ್ತದೆ, ರೋಗಿಗೆ ನಾಚಿಕೆಯಾಗುತ್ತದೆ. ನಾಚಿಕೆಯಾದವರು ಸುಮ್ನೆ ತಲೆಯಾಡಿಸುತ್ತಾರೆ, ಅಲ್ವಾ?

ಈಗ ‘ಬೇಡ’ವನ್ನೇ ಮೊದಲು ಹೇಳುತ್ತೇನೆ. “ಬೇಡ. ಎಣ್ಣೆ ಬೇಡ.” ಜೊತೆಗೆ ಕೈಯನ್ನೂ ಅಡ್ಡಡ್ಡ ಆಡಿಸುತ್ತೇನೆ. ಮನೆಯಲ್ಲಿ ತೆಲುಗು ಆಡುವವರು ನಮ್ಮ ಕಡೆ ಬಹಳ, ಅವರಿಗೆ “ನೂನೆ ವದ್ದು”. ಅಲ್ಲಿಗೆ ನಿಲ್ಲಿಸಿ, ಉಸಿರು ತೆಗೆದುಕೊಂಡು ಮುಂದಿನ ಮಾತು. “ಅರ್ಥವಾಯಿತಾ?” ಅಂತ ಕೇಳುವುದನ್ನು ಬಿಟ್ಟೆ. “ಮನೆಗೆ ಹೋಗಿ ಏನು ಮಾಡ್ತೀರಿ, ತೋರಿಸಿ” ಅನ್ನುತ್ತೇನೆ.

ಎರಡನೇ ಸಲ ಬಂದ ದಿನ ಅಜ್ಜಿಯ ಕೈಯಲ್ಲೇ ಮಾಡಿಸಿದೆ. ಬಾಟಲಿಯನ್ನು ಎರಡು ಅಂಗೈ ನಡುವೆ ಸ್ವಲ್ಪ ಹೊತ್ತು ಇಟ್ಟುಕೊಂಡರು. ತಣ್ಣಗಿನ ಹನಿ ಬಿದ್ದರೆ ತಲೆ ಗಿರ್ ಅನ್ನುತ್ತದೆ, ಅದಕ್ಕೇ ಈ ಬೆಚ್ಚಗೆ. ಸೋರುವ ಕಿವಿ ಮೇಲೆ ಬರುವ ಹಾಗೆ ಮಗ್ಗುಲಾಗಿ ಮಲಗಿದರು. ಮೊಮ್ಮಗ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹನಿ ಬಿಟ್ಟ. ಅಜ್ಜಿ 5 ನಿಮಿಷ ಹಾಗೇ ಮಲಗಿದ್ದರು. 3 ವರ್ಷದೊಳಗಿನ ಮಗುವಾದರೆ ಕಿವಿಯನ್ನು ಕೆಳಕ್ಕೆ, ಹಿಂದಕ್ಕೆ ಎಳೆಯಬೇಕು. ಹೊಸದಾಗಿ ಬರುವ ಸಿಸ್ಟರ್‌ಗಳು ಇದನ್ನು ಮರೆಯುತ್ತಾರೆ. ತಲೆಗೆ ನೀರು ಹಾಕಿಕೊಳ್ಳುವಾಗ ವ್ಯಾಸಲಿನ್ ಹಚ್ಚಿದ ಹತ್ತಿ ಇಟ್ಟುಕೊಳ್ಳಿ ಅಂತಲೂ ಹೇಳಿದೆ. ಪಕ್ಕದ ಮನೆಯವರ ಡ್ರಾಪ್ಸ್ ತಂದು ಹಾಕಿಕೊಳ್ಳಬಾರದು. ತಮಟೆ ತೂತಾಗಿದ್ದರೆ ಕೆಲವು ಔಷಧಿ ಒಳಗಿವಿಗೇ ಏಟು ಕೊಡುತ್ತವೆ.

ಕೌಂಟರಿನಲ್ಲಿ ಕೂರುವ ಸಿಸ್ಟರ್‌ಗಳಿಗೆ ಇನ್ನೊಂದು ಮಾತು. ‘ನಿನ್ನೆ ತನಕ ಚೆನ್ನಾಗಿತ್ತು, ಬೆಳಿಗ್ಗೆ ಎದ್ದರೆ ಒಂದು ಕಿವಿ ಕೇಳಿಸುತ್ತಿಲ್ಲ’ ಅಂತ ಯಾರಾದರೂ ಬಂದರೆ ಗುಗ್ಗೆ ಇರಬೇಕು ಅಂದುಕೊಂಡು ಮುಂದಿನ ವಾರಕ್ಕೆ ಬರಹೇಳಬೇಡಿ. ನರದ ತೊಂದರೆಯಾಗಿದ್ದರೆ ಮೊದಲ ಕೆಲವು ದಿನಗಳಲ್ಲೇ ಔಷಧಿ ಶುರುವಾಗಬೇಕು. ಅವರನ್ನು ಅವತ್ತೇ ಡಾಕ್ಟರಿಗೆ ತೋರಿಸಿ.

ಮೂರನೇ ಸಲ ಬಂದಾಗ ಅಜ್ಜಿಯ ಕಿವಿ ಒಣಗಿತ್ತು. ತೂತು ಇನ್ನೂ ಇದೆ, ಆಪರೇಷನ್ ಬಗ್ಗೆ ಡಾಕ್ಟರು ಮೊಮ್ಮಗನ ಹತ್ತಿರ ಮಾತಾಡಿದ್ದಾರೆ. ನಾನು ಕುರ್ಚಿ ಎಳೆದುಕೊಂಡು ಅವರ ಎಡಗಡೆ, ಚೆನ್ನಾಗಿ ಕೇಳಿಸುವ ಕಿವಿಯ ಕಡೆ, ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಕೂತೆ.

“ಅಜ್ಜಿ, ಎಣ್ಣೆ?” ಅಂದೆ.

“ಬೇಡ” ಅಂದರು, ಕೈ ಅಡ್ಡಡ್ಡ ಆಡಿಸುತ್ತಾ.