ಡಯಾಲಿಸಿಸ್ ಯೂನಿಟ್‌ನಲ್ಲಿ ಕಲಿತ ಸ್ತೋತ್ರ

ಪುಣೆಯ ಒಂದು ಆಸ್ಪತ್ರೇಲಿ ನಾನು ಡಯಾಲಿಸಿಸ್ ಟೆಕ್ನಿಷಿಯನ್, ಅಂದ್ರೆ ಕಿಡ್ನಿ ಕೆಟ್ಟವರ ರಕ್ತವನ್ನ ಮಷಿನ್‌ನಿಂದ ಸೋಸೋ ಕೆಲಸ, ಊರು ಗದಗ-ಬೆಟಗೇರಿ ಕಡೆ. ಇಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೇಲಿ ಸಾಕ್ಷಿ ಹೇಳೋ ಹೊತ್ತಿಗೆ ಜನ ದೊಡ್ಡ ಸಂಗತಿಗಳನ್ನೇ ಹೇಳ್ತಾರೆ, ಆಕ್ಸಿಡೆಂಟ್‌ನಲ್ಲಿ ಉಳಿದದ್ದು, ಕೆಲಸ ಸಿಕ್ಕಿದ್ದು, ಮಗಳ ಮದುವೆ ಕೂಡಿಬಂದದ್ದು. ಅದೆಲ್ಲಾ ದೇವರ ಕೃಪೆನೇ, ಅನುಮಾನ ಇಲ್ಲ. ಆದ್ರೆ ಬೈಬಲ್‌ನ 136ನೇ ಕೀರ್ತನೆ ನೋಡಿ, ಸೂರ್ಯ ಚಂದ್ರ, ಕೆಂಪು ಸಮುದ್ರ ಇಬ್ಭಾಗ ಆದದ್ದು, ದೊಡ್ಡ ದೊಡ್ಡ ರಾಜರು ಬಿದ್ದದ್ದು ಎಲ್ಲಾ ಹೇಳಿ, ಕೊನೆಗೆ 25ನೇ ವಚನದಲ್ಲಿ ಎಲ್ಲಾ ಜೀವಿಗಳಿಗೆ ಆಹಾರ ಕೊಡೋ ವಿಷಯಕ್ಕೆ ಬರುತ್ತೆ, ಸಮುದ್ರಕ್ಕೂ ಊಟಕ್ಕೂ ಪಲ್ಲವಿ ಒಂದೇ, ಆತನ ಕೃಪೆ ಶಾಶ್ವತವಾದದ್ದು ಅಂತ.

ಆ ಊಟದ ಸಾಲಿನ ಕೃಪೆ ಏನು ಅಂತ ನನಗೆ ಈ ಕೆಲಸದಲ್ಲೇ ಗೊತ್ತಾಗಿದ್ದು. ನಮ್ಮ ಎರಡು ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಎರಡು ಲೀಟರ್ ಬಿಟ್ಟು ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ ಸೇರಿಸ್ತಾವೆ, ನಾವು ನಿದ್ದೆ ಮಾಡ್ತಿದ್ರೂ ಸರಿ. ಅದರಲ್ಲಿ ಒಂದು ಪಾಲು ಕೆಲಸ ಮಾಡೋಕೆ ನನ್ನ ಮಷಿನ್‌ಗೆ ನಾಲ್ಕು ಗಂಟೆ ಬೇಕು, ಒಂದು ಸೆಷನ್‌ಗೆ ಹತ್ತಿರ ಹತ್ತಿರ 120 ಲೀಟರ್ ಶುದ್ಧ ಮಾಡಿದ ನೀರು ಬೇಕು, ಕರೆಂಟ್ ಬೇಕು, ಪಕ್ಕದಲ್ಲಿ ಒಬ್ಬ ಮನುಷ್ಯ ಬಿಪಿ ನೋಡ್ತಾ ಕೂರಬೇಕು.

ಇನ್ನೊಂದು ಮಾತು, ಈ ಕೆಲಸ ಮುಂಗಡವಾಗಿ ಮಾಡಿಡೋಕೆ ಆಗಲ್ಲ. ವಾರದ ಡಯಾಲಿಸಿಸ್ ಎಲ್ಲಾ ಸೋಮವಾರನೇ ಮುಗಿಸಿಬಿಡಿ ಅಂದ್ರೆ ಶರೀರ ತಡ್ಕೊಳಲ್ಲ, ಸೋಮವಾರದ್ದು ಸೋಮವಾರಕ್ಕೆ, ಬುಧವಾರದ್ದು ಬುಧವಾರಕ್ಕೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನ, ಬಿದ್ದದ್ದೂ ಹೀಗೇ ಅಲ್ವಾ, ನಾಳೆಗೆ ಅಂತ ಎತ್ತಿಟ್ಟದ್ದು ಹುಳ ಬಿತ್ತು, ಸಬ್ಬತ್ತಿಗೆ, ಅಂದ್ರೆ ವಿಶ್ರಾಂತಿ ದಿನಕ್ಕೆ, ಇಟ್ಟದ್ದು ಮಾತ್ರ ಕೆಡಲಿಲ್ಲ. ಕರ್ತನಾದ ಯೇಸುವೂ ಅನುದಿನದ ಆಹಾರ ಈ ಹೊತ್ತು ಕೊಡು ಅಂತ ಕೇಳೋಕೆ ಕಲಿಸಿದ್ದು, ವರ್ಷದ್ದಲ್ಲ.

ಸೊಲ್ಲಾಪುರ ಕಡೆಯ ಒಬ್ಬ ಅಜ್ಜಿ ಬರ್ತಾರೆ, ಮನೇಲಿ ಕನ್ನಡ, ಅವರೂ ವಿಶ್ವಾಸಿ. ಇಡೀ ದಿನಕ್ಕೆ ಚಹಾ, ಸಾರು, ಮಾತ್ರೆ ನುಂಗೋ ನೀರು ಎಲ್ಲಾ ಸೇರಿ ಒಂದು ಲೀಟರೂ ಕುಡಿಯೋ ಹಾಗಿಲ್ಲ, ಪುಣೆಯ ಮೇ ತಿಂಗಳ ಬಿಸಿಲಲ್ಲೂ ಅಷ್ಟೇ. ಸೂಜಿ ಹಾಕೋ ಮುಂಚೆ ಕಣ್ಣು ಮುಚ್ಚಿ ಸ್ತೋತ್ರ ಹೇಳ್ತಾರೆ. ನೋವು ಹೋಗ್ಲಿ ಅಂತ ಬೇಡ್ಕೊಳಲ್ವಾ ಅಜ್ಜಿ ಅಂತ ಒಮ್ಮೆ ಕೇಳ್ದೆ. "ಬೇಡ್ಕೋತೀನಲ್ಲೋ ತಮ್ಮಾ, ಯಾಕ ಬೇಡ್ಕೋಬಾರ್ದು? ಆದ್ರ ಇವತ್ತಿಂದು ಕೊಟ್ಟಾನಲ್ಲ, ಅದಕ್ಕ ಮೊದಲು ಸ್ತೋತ್ರ. ನಾಡಿದ್ದಿಂದು ನಾಡಿದ್ದು ನೋಡೂಣು" ಅಂದ್ರು.

ನನ್ನ ಕೆಲಸ ಕೇಳಿದವರು ತುಂಬಾ ಜನ, ಅಯ್ಯೋ ಪಾಪ, ನಮಗೆ ಹಂಗಿಲ್ಲ, ದೇವರು ದೊಡ್ಡವನು ಅಂತಾರೆ. ಒಳ್ಳೆ ಮನಸ್ಸಿಂದನೇ ಹೇಳೋದು, ಆದ್ರೆ ನನಗೆ ಆ ಮಾತು ಒಪ್ಪಿಗೆ ಆಗಲ್ಲ. ಲೂಕನ ಸುವಾರ್ತೆಯ 18ನೇ ಅಧ್ಯಾಯದ ಫರಿಸಾಯನೂ, ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸೋ ಪಂಗಡದವನು, ದೇವರಿಗೆ ಸ್ತೋತ್ರನೇ ಹೇಳಿದ್ದು, ನಾನು ಬೇರೆಯವರ ಹಾಗಲ್ಲ ಅಂತ. ದೂರ ನಿಂತು ಕರುಣಿಸು ಅಂದ ಸುಂಕದವನೇ ನೀತಿವಂತನಾಗಿ ಮನೆಗೆ ಹೋದ. ಅಜ್ಜಿಯ ಕಾಯಿಲೆ ನಾನು ಕೃತಜ್ಞತೆ ಕಲೀಲಿ ಅಂತ ಇಟ್ಟ ಪಾಠ ಅಲ್ಲ, ಅವರಿಗೂ ನನಗೂ ಕೊಡೋ ಕೈ ಒಂದೇ, ಅವರು ಅದನ್ನ ಚೆನ್ನಾಗಿ ನೋಡಿದಾರೆ ಅಷ್ಟೇ.

ಆ ಕೃಪೆ ಮನುಷ್ಯರ ಕೈಯಿಂದಲೂ ಬರುತ್ತೆ. 1943ರಲ್ಲಿ, ಯುದ್ಧ ನಡೀತಿರೋವಾಗ, ನೆದರ್ಲೆಂಡ್ಸ್‌ನ ಡಾಕ್ಟರ್ ವಿಲೆಮ್ ಕೋಲ್ಫ್ ಸಾಸೇಜ್ ತುಂಬೋ ಸೆಲ್ಲೋಫೇನ್ ಕೊಳವೆ ಸುತ್ತಿ ಕೆಲಸಕ್ಕೆ ಬರೋ ಮೊದಲ ಡಯಾಲಿಸಿಸ್ ಮಷಿನ್ ಕಟ್ಟಿದ್ರು, ಶುರುವಿನ ರೋಗಿಗಳು ಹೆಚ್ಚುಕಮ್ಮಿ ಎಲ್ಲರೂ ತೀರ್ಕೊಂಡ್ರು, 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿದ್ರು. ಬೆಳಿಗ್ಗೆ ಟ್ಯೂಬ್‌ಗೆ ಸಲೈನ್ ತುಂಬಿ ಗಾಳಿ ಹೊರಗೆ ಬಿಡೋ ಆ ಕೆಲವು ನಿಮಿಷದಲ್ಲಿ ನಾನು ಕೋಲ್ಫ್ ಅವರಿಗಾಗಿ, ನೀರಿನ ಟ್ಯಾಂಕರ್ ತಂದ ಡ್ರೈವರ್‌ಗಾಗಿ ದೇವರಿಗೆ ಸ್ತೋತ್ರ ಹೇಳ್ತೀನಿ.

ನಿಮ್ಮ ಸಭೇಲೂ ಡಯಾಲಿಸಿಸ್‌ಗೆ ಹೋಗೋರು ಇರಬಹುದು. ವಾಸಿಯಾಗ್ಲಿ ಅಂತ ಖಂಡಿತ ಪ್ರಾರ್ಥನೆ ಮಾಡಿ, ಹಾಗೇ ಈ ವಾರ ಸರಿಯಾಗಿ ನಡೆದ ಸೆಷನ್‌ಗಳಿಗೂ ಅವರ ಜೊತೆ ಕೂತು ಸ್ತೋತ್ರ ಹೇಳಿ. ಗಾಡಿ ಇರೋರು ಯಾರಾದ್ರೂ ವಾರದ ಮೊದಲ ಸೆಷನ್‌ಗೆ ಅವರನ್ನ ಕರ್ಕೊಂಡು ಬನ್ನಿ, ನಡುವೆ ಎರಡು ದಿನ ಬಿಡುವು ಆಗಿರುತ್ತೆ, ಮೈಯಲ್ಲಿ ನೀರು ತುಂಬಿ ಆವತ್ತೇ ಅವರಿಗೆ ಉಸಿರಾಡೋಕೆ ಹೆಚ್ಚು ಕಷ್ಟ.