ಬೀರೂ ಕಳ್ಳನೇ

ನಮ್ಮ ಫಿಸಿಕ್ಸ್ ಮೇಷ್ಟ್ರು ತೀರಿಹೋದ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಲ್ಯಾಬಿನಲ್ಲಿದ್ದೆ. ಲೇಸರ್ ಆರಿಸಿ ಸುಮ್ನೆ ಕೂತೆ. ಮ್ಯಾಗಜೀನಿಗೆ ಏನಾದರೂ ಬರೆಯಿರಿ ಎಂದು ಕಾಲೇಜಿನವರು ಎರಡು ವರ್ಷದಿಂದ ಕೇಳುತ್ತಿದ್ದರು. ಈಗ ಬರೆಯುತ್ತಿದ್ದೇನೆ.

1986. ದಾವಣಗೆರೆಯಲ್ಲಿ ಪಿಯುಸಿ. ಮಧ್ಯಾಹ್ನ ಕಾಟನ್ ಮಿಲ್ಲಿನ ಸೈರನ್ ಕೂಗಿದರೆ ಪ್ರಾಕ್ಟಿಕಲ್ಸ್ ಶುರು ಎಂದು ಲೆಕ್ಕ. ಪಾಠದಲ್ಲಿ ಏನಿತ್ತೋ, ಒಂದೂ ನೆನಪಿಲ್ಲ. ಅಯಸ್ಕಾಂತದ ಬಲ ಅಳೆಯುವ ಡಿಫ್ಲೆಕ್ಷನ್ ಮ್ಯಾಗ್ನೆಟೋಮೀಟರ್ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಮರದ ಉದ್ದನೆ ತೋಳು, ನಡುವೆ ದಿಕ್ಸೂಚಿ ಡಬ್ಬಿ, ಮುಳ್ಳಿನ ಕೆಳಗೆ ಕನ್ನಡಿ.

ರೇಡಿಯೋ ರಿಪೇರಿ ಅಂಗಡಿಯಿಂದ ಹಳೇ ಸ್ಪೀಕರಿನ ಅಯಸ್ಕಾಂತ ತಂದು ಜೇಬಿನಲ್ಲಿಟ್ಟುಕೊಂಡೆ. ಪಕ್ಕದ ಟೇಬಲ್ಲಿಗೆ ಒರಗಿ ನಿಂತೆ. ಅಲ್ಲಿದ್ದವನು ಕ್ಲಾಸಿಗೇ ಫಸ್ಟ್. ಅವನ ಮುಳ್ಳು ಹೇಳಿದ ಮಾತು ಕೇಳಲೇ ಇಲ್ಲ. ಪಾಪ, ಅರ್ಧ ಗಂಟೆ ಬೆವರು ಸುರಿಸಿ ಕೊನೆಗೆ ರೀಡಿಂಗ್ ಕುಕ್ ಮಾಡಿದ. ಈಗ ಅವನು ದೊಡ್ಡ ಆಡಿಟರ್.

ಮೇಷ್ಟ್ರು ಬೈಯಲಿಲ್ಲ, ಜೇಬು ತಡಕಲಿಲ್ಲ. ಪುಟ್ಟ ದಿಕ್ಸೂಚಿಯೊಂದನ್ನು ಅಂಗೈ ಮೇಲಿಟ್ಟುಕೊಂಡು ಒಬ್ಬೊಬ್ಬರ ಪಕ್ಕದಲ್ಲೇ ನಡೆದು ಬಂದರು. ನನ್ನ ಹತ್ತಿರ ಮುಳ್ಳು ಗಿರ್ರನೆ ತಿರುಗಿತು.

"ಭಾನುವಾರ ಬಾರಯ್ಯ" ಅಂದರು, ಅಷ್ಟೇ.

ಭಾನುವಾರ ಲ್ಯಾಬಿನ ನೆಲದ ಮೇಲೆ ಅಡಿಗೊಂದು ಗುರುತು ಹಾಕಿಸಿ, ಪ್ರತಿ ಗುರುತಿನಲ್ಲೂ ಮುಳ್ಳಿನ ದಿಕ್ಕು ಬರೆಸಿದರು. ಮೂಲೆಯ ಕಬ್ಬಿಣದ ಬೀರು ಹತ್ತಿರ ಹೋದಾಗ ಅಯಸ್ಕಾಂತ ಇಲ್ಲದೆಯೂ ಮುಳ್ಳು ವಾಲಿತು. "ನೋಡು, ನೀನೊಬ್ಬನೇ ಕಳ್ಳ ಅಲ್ಲ. ಈ ಬೀರೂ ಕಳ್ಳನೇ. ಅಳೆಯೋ ಮೊದಲು ಸುತ್ತ ಯಾರಿದ್ದಾರೆ ನೋಡ್ಕೋ." ಆಮೇಲೆ ಮಂಡಕ್ಕಿ ಮಿರ್ಚಿ ಕೊಡಿಸಿದರು.

ಈಗಿನ ಮಕ್ಕಳಿಗೆ ಬೆಳಿಗ್ಗೆ ಸಿಇಟಿ, ಸಂಜೆ ನೀಟ್. ಪರೀಕ್ಷೆಗೆ ಮುಂಚೆ ಲ್ಯಾಬಿನ ಬೀಗ ತೆಗೆದರೆ ಅದೇ ಜಾಸ್ತಿ. ತರಲೆ ಮಾಡೋಕೂ ಪುರುಸೊತ್ತು ಬೇಕಲ್ವಾ?

ನಾನೂ ಎಂಜಿನಿಯರಿಂಗ್ ಮೇಷ್ಟ್ರಾಗಿ ಇಷ್ಟು ವರ್ಷ ವಜ್ರದ ಹಿಂದೆ ಬಿದ್ದಿದ್ದೇನೆ. ಮೀಥೇನ್, ಹೈಡ್ರೋಜನ್ ಬೆರೆಸಿ, ಮೈಕ್ರೋವೇವಿನಿಂದ ಪ್ಲಾಸ್ಮಾ ಮಾಡಿ ವಜ್ರದ ಬಿಲ್ಲೆ ಬೆಳೆಸುತ್ತೇವೆ. ಅದರೊಳಗೆ ಅಲ್ಲಲ್ಲಿ ಒಂದು ಇಂಗಾಲದ ಜಾಗದಲ್ಲಿ ಸಾರಜನಕ, ಪಕ್ಕದಲ್ಲೇ ಒಂದು ಖಾಲಿ ಜಾಗ. ಒಡವೆಯವರಿಗೆ ಅದು ಐಬು. ನಮಗೆ ಅದೇ ದಿಕ್ಸೂಚಿಯ ಮುಳ್ಳು. ಹಸಿರು ಲೇಸರ್ ಬಿಟ್ಟರೆ ಕೆಂಪಗೆ ಬೆಳಗುತ್ತದೆ. ಸೆಕೆಂಡಿಗೆ 287 ಕೋಟಿ ಸಲ ಕಂಪಿಸುವ ಮೈಕ್ರೋವೇವ್ ಕೊಟ್ಟರೆ ಬೆಳಕು ಮಂಕಾಗುತ್ತದೆ. ಹತ್ತಿರ ಅಯಸ್ಕಾಂತ ಬಂದರೆ ಆ 287 ಕೋಟಿಯ ಲೆಕ್ಕ ಜರುಗುತ್ತದೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರಕ್ಕೇ ಸೆಕೆಂಡಿಗೆ ಸುಮಾರು 11 ಲಕ್ಷ ಕಂಪನದವರೆಗೆ ಜರುಗಬಹುದು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಇದರ ಬಗ್ಗೆ ಮಾತಾಡಲು ನಾಲ್ಕು ದೇಶ ಸುತ್ತಿದ್ದೇನೆ.

ಹೋದ ದೀಪಾವಳಿಗೆ ಒಂದು ಬಿಲ್ಲೆ ತಗೊಂಡು ಮೇಷ್ಟ್ರ ಮನೆಗೆ ಹೋಗಿದ್ದೆ. ಮೂರು ಮಿಲಿಮೀಟರ್, ತಿಳಿ ಗುಲಾಬಿ ಬಣ್ಣ. "ಇನ್ನೊಂದು ತಂದಿದ್ರೆ ಒಂದು ಜೊತೆ ಓಲೆ ಆಗ್ತಿತ್ತಲ್ಲೋ" ಎಂದು ಮೇಷ್ಟ್ರ ಮನೆಯವರು ನಕ್ಕರು. ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಾನು ಕಾಲು ಗಂಟೆ ಕೊರೆದೆ. ನಮ್ಮ ಕಟ್ಟಡದ ಲಿಫ್ಟ್ ಓಡಾಡಿದಾಗೆಲ್ಲ ರೀಡಿಂಗ್ ಕೆಡುತ್ತಿತ್ತು, ಒಂದು ವಾರ ಕಾರಣವೇ ಹೊಳೆಯಲಿಲ್ಲ ಎಂದೂ ಒಪ್ಪಿಕೊಂಡೆ.

"ಅಷ್ಟು ದೊಡ್ಡ ಬೀರು ಕಾಣಿಸಲಿಲ್ವೇನಯ್ಯಾ?" ಅಂದರು.